ಹಣ್ಣಾದ ಹುಳುವಿಗೆ ಸೊಪ್ಪು ಹಾಕಬೇಡಿ

ಕನ್ನಡ ಧಾರಾವಾಹಿಗಳಿಗೆ ಕಥೆ, ಚಿತ್ರಕಥೆ, ಸಂಭಾಷಣೆ ಬರೆಯುವ ಎಲ್ಲರಿಗೂ ಚನ್ನಪಟ್ಟಣದಿಂದ ನಮಸ್ಕಾರ.

ನಿಮ್ಮ ಹೆಸರುಗಳು ನನಗೆ ಗೊತ್ತಿಲ್ಲ. ಸಂಜೆ ಆರೂವರೆಯಿಂದ ರಾತ್ರಿ ಹತ್ತರವರೆಗೆ ನಮ್ಮ ಮನೆಯಲ್ಲಿ ನಮಗಿಂತ ಹೆಚ್ಚು ಮಾತಾಡುವವರು ನೀವೇ. ಆದರೂ ಗೊತ್ತಿಲ್ಲ. ಕಂತು ಮುಗಿದ ಮೇಲೆ ಹೆಸರುಗಳು ಓಡುವ ಓಟಕ್ಕೆ ನನ್ನ ಕನ್ನಡಕ ಸಾಲದು, ಕೆಲವು ಸಲ ಹೆಸರುಗಳು ಓಡುವುದೂ ಇಲ್ಲ. ಹಾಗಾಗಿ ಇಂಥವರಿಗೆ ಎಂದು ಬರೆಯದೆ ಎಲ್ಲರಿಗೂ ಸೇರಿಸಿ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಪ್ಪು ತಿಳಿಯಬಾರದು.

ನನ್ನದು ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಒಂದು ಬೊಂಬೆ ಅಂಗಡಿ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ ಮೂರನ್ನೂ ಪಕ್ಕಕ್ಕೆ ಬಿಟ್ಟು ಕಾರುಗಳು ಹಾರಿ ಹೋಗುತ್ತವೆ. ಮುಂಚೆ ಭಾನುವಾರ ಬಂತೆಂದರೆ ಮೈಸೂರಿಗೆ ಹೊರಟವರು ಮಕ್ಕಳ ಹಟಕ್ಕೆ ಗಾಡಿ ನಿಲ್ಲಿಸಿ, ಒಂದು ಬುಗುರಿಯನ್ನೋ ಆಡುವ ಕುದುರೆಯನ್ನೋ ಕೊಂಡು ಹೋಗುತ್ತಿದ್ದರು. ಈಗ ನಿಲ್ಲಿಸುವವರು ದಾರಿ ತಪ್ಪಿ ಬಂದವರು ಮಾತ್ರ. ಬಿಡುವು ಜಾಸ್ತಿಯಾಯಿತು, ಫೋನು ನೋಡುವುದೂ ಜಾಸ್ತಿಯಾಯಿತು. ಈ ಪತ್ರಕ್ಕೆ ಮೂಲ ಅಲ್ಲಿದೆ.

ಮಗಳು ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಟೊಯೋಟಾ ಕಾರ್ಖಾನೆ ಅಲ್ಲಿ 1999ರಲ್ಲಿ ಕಾರು ಕಟ್ಟಲು ಶುರು ಮಾಡಿದಂದಿನಿಂದ ಆ ಕಡೆ ಜಪಾನಿ ಬಲ್ಲವರಿಗೆ ಒಂದು ಬೆಲೆ ಇದೆ. ಇವಳೂ ಜಪಾನಿ ಕಲಿಯಲು ಹೊರಟಳು. ಪುಸ್ತಕ ಓದಿದರೆ ಸಾಲದು, ಅವರ ನಾಟಕಗಳನ್ನು ನೋಡು ಅಂದರಂತೆ ಕಲಿಸುವವರು. ಅವರು ಟಿವಿ ಧಾರಾವಾಹಿಗೆ ‘ದೊರಾಮಾ’ ಅನ್ನುತ್ತಾರೆ. ಅವಳು ನೋಡುವುದನ್ನು ನಾನು ಪಕ್ಕದಲ್ಲಿ ಕೂತು ನೋಡತೊಡಗಿದೆ. ನನ್ನ ಪಕ್ಕ ಅವ್ವ ಬಂದು ಕೂತಳು. ಅವಳಿಗೆ ಎಂಬತ್ತೊಂದು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಮಗಳು ಓದಿ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾಳೆ.

ಒಂದು ತಮಾಷೆ ನೋಡಿ. ಜಪಾನಿಯಲ್ಲಿ ತಂಗಿ ಅಕ್ಕನನ್ನು ಹೆಸರು ಹಿಡಿದು ಕರೆಯುವುದಿಲ್ಲ. ‘ಒನೇಸಾನ್’ ಅನ್ನುತ್ತಾಳೆ, ಅಂದರೆ ಅಕ್ಕ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದಕ್ಕೆ ಪದವಿಲ್ಲ, ಅಕ್ಕನ ಹೆಸರನ್ನೇ ಬರೆದುಬಿಡುತ್ತಾರೆ. ಮಗಳು ಅದನ್ನು ಓದಿ ಮತ್ತೆ ‘ಅಕ್ಕ’ ಮಾಡಿ ಅಜ್ಜಿಗೆ ದಾಟಿಸುತ್ತಾಳೆ. ಕ್ರಿಯಾಪದ ಕೊನೆಗೆ ಬರುವುದು, ಹಿರಿಯರಿಗೊಂದು ಮಾತು ಕಿರಿಯರಿಗೊಂದು ಮಾತು ಇರುವುದು, ಎಲ್ಲ ನಮ್ಮ ಹಾಗೇ. ಟೋಕಿಯೋದಿಂದ ಚನ್ನಪಟ್ಟಣಕ್ಕೆ ನೇರ ದಾರಿ ಇರುವಾಗ ಮಾತು ಲಂಡನ್ನಿಗೆ ಹೋಗಿ ಸುತ್ತಿ ಬರುತ್ತಿದೆ. ಡಬ್ಬಿಂಗಿಗೆ ಇದ್ದ ತಡೆ ಹೋಗಿ, 2020ರ ಲಾಕ್‌ಡೌನ್ ಕಾಲದಲ್ಲಿ ಹಿಂದಿ ಮಹಾಭಾರತವೇ ಕನ್ನಡ ಮಾತಾಡಿತಲ್ಲ, ಈ ನಾಲ್ಕಾರು ಜಪಾನಿ ಕತೆಗಳನ್ನು ಕನ್ನಡಕ್ಕೆ ತರುವುದು ಅಷ್ಟೊಂದು ಕಷ್ಟವೇ ಅನ್ನಿಸುತ್ತದೆ. ಅದು ನಿಮ್ಮ ಕೈಲಿಲ್ಲ, ಬಿಡಿ.

ನಿಮ್ಮ ಕೈಲಿರುವುದು ಬೇರೆ. ಅದನ್ನು ಹೇಳುವ ಮೊದಲು ಅಲ್ಲಿಯ ಪದ್ಧತಿಯನ್ನು ಸ್ವಲ್ಪ ಹೇಳಬೇಕು.

ಜಪಾನಿನ ವಾಹಿನಿಗಳಲ್ಲಿ ಧಾರಾವಾಹಿಗಳಿಗೆ ವರ್ಷಕ್ಕೆ ನಾಲ್ಕು ಕಾಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಕಾಲ ಬದಲಾದಾಗ ಹಳೆಯವೆಲ್ಲ ಮುಗಿದು ಎಲ್ಲ ಕಡೆ ಹೊಸವು ಬರುತ್ತವೆ. ವಾರಕ್ಕೊಂದೇ ಕಂತು, ಮುಕ್ಕಾಲು ಗಂಟೆಯದ್ದು. ಒಟ್ಟು ಹತ್ತು ಹನ್ನೊಂದು ಕಂತು, ಕತೆ ಮುಗಿಯಿತು. ಈ ಮೂರು ತಿಂಗಳ ಅವಧಿಗೆ ಅವರು ‘ಕೂರು’ ಅನ್ನುತ್ತಾರೆ. ಫ್ರೆಂಚರಿಂದ ತೆಗೆದುಕೊಂಡ ಪದವಂತೆ. ಮಗಳು ಹೇಳಿದಾಗ ನನಗೆ ನಗು ತಡೆಯಲಿಲ್ಲ. ಅವರ ಕೂರು ಮೂರು ತಿಂಗಳಿಗೆ ಎದ್ದು ಹೋಗುವುದು. ನಮ್ಮಲ್ಲಿ ಕೂರು ಅಂದರೆ ಕೂತೇ ಬಿಡುವುದು, ಮೂರು ವರ್ಷವಾದರೂ ಏಳುವ ಮಾತಿಲ್ಲ.

ಹೊಸ ಕಾಲ ಶುರುವಾದ ವಾರ ಅಲ್ಲಿಯವರು ಎಲ್ಲ ಧಾರಾವಾಹಿಗಳ ಮೊದಲ ಕಂತು ನೋಡಿ, ಇದು ಪರವಾಗಿಲ್ಲ, ಇದು ಬೇಡ ಎಂದು ಆರಿಸಿಕೊಳ್ಳುತ್ತಾರೆ. ಮಾವಿನ ಕಾಲದಲ್ಲಿ ರಾಮನಗರದ ಮಂಡಿಯಲ್ಲಿ ನಾವು ಬಾದಾಮಿಯದ್ದೊಂದು ರಸಪುರಿಯದ್ದೊಂದು ಹೋಳು ತಿಂದು ನೋಡಿ ಬುಟ್ಟಿ ಕಟ್ಟಿಸುವ ಹಾಗೆ. ನಾವೂ ಹಾಗೇ ಮಾಡಿದೆವು. ಕೆಲವನ್ನು ಮೊದಲ ಹೋಳಿಗೇ ಬಿಟ್ಟೆವು. ಪೊಲೀಸರದ್ದೂ ಡಾಕ್ಟರದ್ದೂ ಕತೆಗಳು ಅಲ್ಲೂ ಮಂಡಿ ತುಂಬ ಇವೆ, ಎಲ್ಲವೂ ಸಿಹಿಯೇನಲ್ಲ. ಕೂಗಾಡಿ ನಟಿಸುವವರಿಗೂ ಕೊರತೆಯಿಲ್ಲ. ಎರಡು ಮಾತ್ರ ನಮ್ಮನ್ನು ಹಿಡಿದು ಕೂರಿಸಿದವು.

ಒಂದು ‘ಅಸುರ’. 2025ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದದ್ದು, ಏಳೇ ಕಂತು, ಕೊರೆಎದಾ ಹಿರೊಕಜು ನಿರ್ದೇಶನ. ಅಸಲು ಕತೆ ಮುಕೋದಾ ಕುನಿಕೊ ಎಂಬ ಲೇಖಕಿ 1979ರಲ್ಲಿ ಎನ್‌ಎಚ್‌ಕೆ ವಾಹಿನಿಗೆ ಬರೆದದ್ದು. ಆಕೆ 1981ರಲ್ಲಿ ತೈವಾನಿನ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಬರೆದು ನಲವತ್ತೈದು ವರ್ಷದ ಮೇಲೂ ಆಕೆಯ ಹೆಸರಿನಲ್ಲೇ ಅದನ್ನು ಮತ್ತೆ ತೆಗೆದಿದ್ದಾರೆ ಎಂಬುದನ್ನು ನೀವು ಗಮನಿಸಬೇಕು. ಕತೆ ಕೇಳಿದರೆ ನಿಮ್ಮದೇ ಅನ್ನಿಸುತ್ತದೆ. ನಾಲ್ವರು ಅಕ್ಕತಂಗಿಯರು. ವಯಸ್ಸಾದ ಅಪ್ಪನಿಗೆ ಇನ್ನೊಂದು ಸಂಸಾರ ಇದೆ ಎಂದು ಮೂರನೆಯವಳಿಗೆ ಗೊತ್ತಾಗುತ್ತದೆ. ಎಲ್ಲರನ್ನೂ ಒಂದು ಮನೆಯಲ್ಲಿ ಸೇರಿಸುತ್ತಾಳೆ. ಹೊಸ ವರ್ಷಕ್ಕೆ ಮಾಡಿದ ಅಕ್ಕಿಮುದ್ದೆ ಗಟ್ಟಿಯಾಗಿರುತ್ತದಲ್ಲ, ಅದನ್ನು ಎಣ್ಣೆಯಲ್ಲಿ ಕರಿದು ತಿನ್ನುತ್ತಾ ಆ ಮಾತು ನಡೆಯುತ್ತದೆ. ಅಳು ಬರಬೇಕಾದ ಕಡೆ ನಗು ಬರುತ್ತದೆ, ನಕ್ಕು ಮುಗಿಸುವಷ್ಟರಲ್ಲಿ ಜಗಳ. ಒಡಹುಟ್ಟಿದವರು ಸೇರಿದಾಗ ಎಲ್ಲ ಮನೆಯಲ್ಲೂ ಆಗುವುದು ಹಾಗೇ ತಾನೆ? ತಮ್ಮ ಅವ್ವನಿಗೆ ಏನೂ ಗೊತ್ತಿಲ್ಲ, ಗೊತ್ತಾಗದ ಹಾಗೆ ನೋಡಿಕೊಳ್ಳಬೇಕು ಎಂದು ನಾಲ್ವರೂ ಮಾತಾಡಿಕೊಳ್ಳುತ್ತಾರೆ.

ಆಮೇಲೆ ಒಂದು ದೃಶ್ಯ. ಆ ತಾಯಿ ಒಬ್ಬಳೇ ಕೂತು ಗಂಡನ ಕೋಟು ಸರಿಮಾಡುತ್ತಿದ್ದಾಳೆ. ಜೇಬಿನಿಂದ ಒಂದು ಆಟದ ಕಾರು ಸಿಗುತ್ತದೆ. ಅಂಗೈಯಗಲದ್ದು. ಅವರ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ. ಆಕೆ ಅದನ್ನು ನೆಲದ ಚಾಪೆಯ ಮೇಲೆ ಹಿಂದಕ್ಕೆ ಮುಂದಕ್ಕೆ ಓಡಿಸುತ್ತಾಳೆ, ಬಾಯಲ್ಲಿ ಮಕ್ಕಳ ಹಾಡು ಗುನುಗುತ್ತಾಳೆ. ಗುನುಗುತ್ತಾ ಗುನುಗುತ್ತಾ ಕಾರನ್ನು ಎತ್ತಿ ಜಾರುಬಾಗಿಲಿಗೆ ಬೀಸಿ ಎಸೆಯುತ್ತಾಳೆ. ಕಾಗದದ ಬಾಗಿಲು ಹರಿದು ತೂತಾಗುತ್ತದೆ. ಮತ್ತೆ ಏನೂ ಆಗದವಳ ಹಾಗೆ ಕೆಲಸಕ್ಕೆ ಕೂರುತ್ತಾಳೆ.

ಮಗಳು ಏನೂ ಹೇಳಲಿಲ್ಲ, ಹೇಳುವುದಕ್ಕೆ ಅಲ್ಲಿ ಮಾತೇ ಇರಲಿಲ್ಲ. ನಮ್ಮವ್ವ ತಾನೇ ಅಂದಳು: ‘ಆವಮ್ಮಂಗೆ ಮೊದ್ಲೇ ಗೊತ್ತಿತ್ತು ಕಣ್ಲಾ.’

ಸ್ವಾಮಿ, ಮೂವತ್ತು ವರ್ಷದಿಂದ ಆಟದ ಸಾಮಾನು ಮಾರುತ್ತಿದ್ದೇನೆ. ಆಲೆ ಮರದ ತುಂಡನ್ನು ಕಡೆಯುವ ಪಟ್ರೆಗೆ ಕೊಟ್ಟು, ತಿರುಗುವಾಗಲೇ ಅರಗು ಒತ್ತಿ ಬಣ್ಣ ಕೂರಿಸಿ, ಗರಿ ಹಿಡಿದು ಉಜ್ಜಿ ಹೊಳಪು ತರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಒಂದು ಆಟದ ಕಾರು ಅಷ್ಟು ಭಾರ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಊರಿಗೆ ಅರಗಿನ ಕೆಲಸದ ಹೊಸ ಹದವನ್ನು ಬಾವಾಸ್ ಮಿಯಾನ್ ಜಪಾನಿನಿಂದ ಕಲಿತು ತಂದರು ಎಂದು ಪೇಟೆಯ ಹಿರಿಯರು ಹೇಳುತ್ತಾರೆ. ಅಲ್ಲಿಯ ಕೈಕಾಲಿಲ್ಲದ ಕೊಕೇಶಿ ಬೊಂಬೆಯನ್ನು ನಮ್ಮ ಅಂಗಡಿಯಲ್ಲಿಟ್ಟರೆ ಯಾರೂ ಹೊರಗಿನದ್ದು ಅನ್ನಲಾರರು. ಆ ಸಾಲ ಹಾಗೇ ಇರುವಾಗ ಈಗ ಇದೊಂದು ಸೇರಿತು.

ಇದೇ ದೃಶ್ಯ ನಮ್ಮ ಧಾರಾವಾಹಿಯಲ್ಲಿ ಬಂದರೆ ಏನಾಗುತ್ತದೆ, ನೀವೇ ಹೇಳಿ. ಕಾರು ಜೇಬಿನಿಂದ ಬಿದ್ದ ಕೂಡಲೇ ಗುಡುಗು. ಅತ್ತೆ, ನಾದಿನಿ, ಅಡುಗೆಯವಳು, ಬಾಗಿಲಲ್ಲಿ ನಿಂತ ವಿಲನ್, ಒಬ್ಬೊಬ್ಬರ ಮುಖಕ್ಕೂ ಮೂರು ಮೂರು ಸಲ ಕ್ಯಾಮರಾ ನುಗ್ಗುತ್ತದೆ. ‘ಈ ಆಟದ ಕಾರು ಇಲ್ಲಿಗೆ ಹೇಗೆ ಬಂತು?’ ಎಂದು ಆಕೆ ಬಾಯಿಬಿಟ್ಟು ಯೋಚಿಸುತ್ತಾಳೆ. ಕಂತು ಮುಗಿಯುತ್ತದೆ. ಮಾರನೆಯ ದಿನ ಅದೇ ಕಾರು ಮತ್ತೆ ಬೀಳುತ್ತದೆ. ಹದಿನೈದು ದಿನದ ಮೇಲೆ ಆ ಕಾರು ಪಕ್ಕದ ಮನೆ ಹುಡುಗನದ್ದು ಎಂದು ಗೊತ್ತಾಗುತ್ತದೆ. ನಾನು ಹಂಗಿಸುತ್ತಿಲ್ಲ. ಅವ್ವ ಒಲೆಯ ಮುಂದಿದ್ದರೂ ಕಿವಿಯಲ್ಲೇ ಕತೆ ತಿಳಿಯಲಿ ಎಂದು ನೀವು ಎಲ್ಲವನ್ನೂ ಬಾಯಿಬಿಟ್ಟು ಹೇಳಿಸುತ್ತೀರಿ ಎಂಬುದು ಗೊತ್ತು. ಆದರೆ ಒಲೆಯ ಮುಂದಿರುವ ಹೆಂಗಸು ಎಷ್ಟು ಜಾಣೆ ಎಂಬ ಲೆಕ್ಕ ಎಲ್ಲೋ ತಪ್ಪಿದೆ.

ಎರಡನೆಯದು ‘ಹಾಟ್‌ಸ್ಪಾಟ್’. ಇದೂ ಅದೇ ಜನವರಿಯದ್ದು, ಹತ್ತು ಕಂತು, ಬರೆದವರು ಬಕಾರಿಜುಮು ಎಂಬ ಹಾಸ್ಯಗಾರ. ಫ್ಯೂಜಿ ಬೆಟ್ಟದ ಬುಡದ ಒಂದು ಸಣ್ಣ ಊರು. ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುವ, ಮಗಳನ್ನು ಒಬ್ಬಳೇ ಸಾಕುವ ಹೆಂಗಸು. ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ಲಾರಿಗೆ ಸಿಕ್ಕಬೇಕಾದವಳನ್ನು ಜೊತೆಗೆ ಕೆಲಸ ಮಾಡುವ ನಡುವಯಸ್ಸಿನ ಗಂಡಸೊಬ್ಬ ಉಳಿಸುತ್ತಾನೆ. ಹೇಗೆ ಎಂದರೆ, ಅವನು ಬೇರೆ ಗ್ರಹದವನು. ಯಾರಿಗೂ ಹೇಳಬೇಡ ಅನ್ನುತ್ತಾನೆ. ಅವಳು ಬಾಲ್ಯದ ಗೆಳತಿಯರಿಬ್ಬರಿಗೆ ಹೇಳಿಬಿಡುತ್ತಾಳೆ. ಇನ್ನು ಲೋಕವನ್ನು ಕಾಪಾಡುವ ಕತೆ ಶುರುವಾಗುತ್ತದೆ ಎಂದುಕೊಂಡೆ. ಇಲ್ಲ. ಗೆಳತಿಯರು ಅವನ ಕೈಲಿ ಮಾಡಿಸುವ ಮೊದಲ ಕೆಲಸಗಳಲ್ಲಿ ಒಂದು, ಶಾಲೆಯ ಆಟದ ಸಭಾಂಗಣದ ಸೂರಿಗೆ ಸಿಕ್ಕಿಕೊಂಡ ಚೆಂಡು ತೆಗೆಸುವುದು! ಶಕ್ತಿ ಬಳಸಿದ ಮೇಲೆ ಅವನಿಗೆ ಮೈಗೆ ಹುಷಾರು ತಪ್ಪುತ್ತದೆ, ಹೋಟೆಲಿನ ಬಿಸಿನೀರಿನ ಕೊಳದಲ್ಲಿ ಕೂತು ಸುಧಾರಿಸಿಕೊಳ್ಳುತ್ತಾನೆ. ಉಳಿದ ಹೊತ್ತೆಲ್ಲ ಹರಟೆ. ಕಾಫಿ ಕುಡಿಯುತ್ತಾ, ಅವರಿವರ ವಿಷಯ ಎತ್ತುತ್ತಾ, ‘ನೀನು ಹೇಳಬೇಡ ಅಂದಿದ್ದೆ, ನಾನು ಇವಳೊಬ್ಬಳಿಗೇ ಹೇಳಿದ್ದು’ ಎಂಬ ಹರಟೆ. ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಗುಟ್ಟು ಎಷ್ಟು ನಿಮಿಷ ಬಾಳುತ್ತದೆ ಎಂದು ಬಲ್ಲವರು ಯಾರೂ ಇದನ್ನು ಹೊರದೇಶದ ಕತೆ ಅನ್ನುವುದಿಲ್ಲ.

ಇದನ್ನು ನೋಡುವಾಗ ನನಗೆ ಹೊಟ್ಟೆಕಿಚ್ಚಾಯಿತು. ಯಾಕೆಂದರೆ ನಮಗೂ ಬೆಟ್ಟವಿದೆ. ರಾಮದೇವರ ಬೆಟ್ಟದ ಬಂಡೆಗಳ ನಡುವೆ 1975ರ ‘ಶೋಲೆ’ ತೆಗೆದರು, ಆದರೆ ಅಲ್ಲಿ ನಮ್ಮ ಊರು ‘ರಾಮಗಢ’ವಾಯಿತು. ಡೇವಿಡ್ ಲೀನ್ ಬಂದು ‘ಎ ಪ್ಯಾಸೇಜ್ ಟು ಇಂಡಿಯಾ’ ತೆಗೆದಾಗ ಮಾಗಡಿಯ ಸಾವನದುರ್ಗ ಉತ್ತರದ ಯಾವುದೋ ಗುಹೆಗಳ ವೇಷ ಹಾಕಿತು. ಬಿಗ್ ಬಾಸ್ ಮನೆಯನ್ನು ಬಿಡದಿಯಲ್ಲೇ ಕಟ್ಟಿದರೂ ಆ ಮನೆಗೆ ಕಿಟಕಿ ಇಲ್ಲದ್ದರಿಂದ ಬಿಡದಿ ಕಾಣುವುದಿಲ್ಲ, ತಟ್ಟೆ ಇಡ್ಲಿಯೂ ಕಾಣುವುದಿಲ್ಲ. ಊರಿನ ಹೆಸರಿನ ಪಾಡೂ ಅಷ್ಟೇ. ಬ್ರಿಟಿಷರ ಕಾಲದಲ್ಲಿ ರಾಮನಗರ ಕ್ಲೋಸ್‌ಪೇಟೆ, 2007ರಲ್ಲಿ ಜಿಲ್ಲೆ, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ. ಬಂದವರೆಲ್ಲ ಒಂದೊಂದು ಪಾತ್ರ ಕೊಟ್ಟರು, ಒಬ್ಬರೂ ನೀನು ನೀನಾಗಿಯೇ ನಿಂತುಕೋ ಅನ್ನಲಿಲ್ಲ. ನಿಮ್ಮ ಧಾರಾವಾಹಿಗಳಲ್ಲಿ ಬರುವ ಹಳ್ಳಿಯಲ್ಲಂತೂ ಬೀದಿಗೊಂದು ದೊಡ್ಡಮನೆ, ವಾರಕ್ಕೊಂದು ಜಾತ್ರೆ. ರೇಷ್ಮೆ ಸೀರೆ ಮನೆ ತುಂಬ ಓಡಾಡುತ್ತದೆ, ರೇಷ್ಮೆ ಹುಳು ಮಾತ್ರ ಒಂದು ಕಂತಿನಲ್ಲೂ ಕಂಡ ನೆನಪಿಲ್ಲ.

ರೇಷ್ಮೆಯ ಮಾತು ಬಂತಲ್ಲ, ನಾನು ಹೇಳಬೇಕೆಂದಿರುವುದೂ ಅದೇ. ನನ್ನ ಹೆಂಡತಿಯ ತವರು ಕನಕಪುರದ ಕಡೆ. ಮನೆಯ ಅರ್ಧ ಹುಳುವಿಗೆ, ಅರ್ಧ ಮನುಷ್ಯರಿಗೆ. ನಮ್ಮಲ್ಲಿ ಹಳದಿ ಗೂಡು ಬೆಳೆಯುತ್ತಿದ್ದ ಕಡೆ ಬಿಳಿ ಗೂಡು ಬಂದದ್ದಕ್ಕೂ ಜಪಾನಿನ ಸಂಬಂಧವಿದೆ. 1991ರಿಂದ ಅಲ್ಲಿಯ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರ ಜೊತೆ ಸೇರಿ ಕೆಲಸ ಮಾಡಿದ್ದರ ಫಲ ಅದು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನಿಂತರೆ ಈಗಲೂ ಎರಡು ಬಣ್ಣವೂ ಕಾಣುತ್ತವೆ.

ಹುಳು ಸಾಕಿದ ಮನೆಯಲ್ಲಿ ಕಾಲದ ಲೆಕ್ಕ ಬೇರೆ. ಮೊಟ್ಟೆ ಒಡೆದ ದಿನದಿಂದ ನಾಲ್ಕು ಜ್ವರ. ಒಂದೊಂದು ಜ್ವರಕ್ಕೂ ಹುಳು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ, ಆಗ ಸೊಪ್ಪು ಹಾಕಬಾರದು. ಜ್ವರ ಎದ್ದ ಮೇಲೆ ಪೊರೆ ಕಳಚಿ ಮತ್ತೆ ತಿನ್ನುತ್ತದೆ. ನಾಲ್ಕನೆಯ ಜ್ವರ ಕಳೆದ ಮೇಲೆ ತಿನ್ನುವ ತಿಂಡಿ ನೋಡಬೇಕು, ರಾತ್ರಿ ಮಲಗಿದರೆ ಮಾಳಿಗೆಯ ಮೇಲೆ ಮಳೆ ಬಂದ ಹಾಗೆ ಸದ್ದು. ಒಟ್ಟು 25ರಿಂದ 28 ದಿನ. ಆಮೇಲೆ ಒಂದು ಬೆಳಿಗ್ಗೆ ಹುಳು ತಿನ್ನುವುದನ್ನು ಬಿಟ್ಟುಬಿಡುತ್ತದೆ. ಮೈ ಪಾರದರ್ಶಕವಾಗಿ ಹಳದಿಗೆ ತಿರುಗುತ್ತದೆ. ಹುಳು ಹಣ್ಣಾಯಿತು ಅನ್ನುತ್ತಾರೆ. ಹಣ್ಣಾದ ಹುಳುವನ್ನು ಆ ಕ್ಷಣಕ್ಕೆ ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ನೆಂಟರು ಬಂದಿದ್ದರೂ, ಮನೆಯಲ್ಲಿ ಮದುವೆ ಇದ್ದರೂ ಬಿಡಬೇಕು. ತಡವಾದರೆ ಅದು ಕಾಯುವುದಿಲ್ಲ, ಒಳಗಿನ ನೂಲನ್ನು ತಟ್ಟೆಯ ಮೇಲೆ, ಕಸದ ಮೇಲೆ, ಸೊಪ್ಪಿನ ಕಡ್ಡಿಯ ಮೇಲೆ ಉಗುಳಿ ಹಾಳು ಮಾಡಿಕೊಳ್ಳುತ್ತದೆ. ನನ್ನ ಮಾವ ಒಂದು ಸಲ ಜ್ವರ ಬಂದು ಮಲಗಿದ್ದಾಗ (ಈ ಜ್ವರ ಮನುಷ್ಯರದ್ದು) ಹೀಗೆ ಒಂದು ಬೆಳೆಯ ಅರ್ಧ ಹೋಯಿತು. ತಟ್ಟೆಯ ತುಂಬ ಜೇಡರ ಬಲೆಯ ಹಾಗೆ ನೂಲು, ಗೂಡಿಲ್ಲ. ಅತ್ತೆ ಆ ನೂಲನ್ನು ಬೆರಳಿಗೆ ಸುತ್ತಿಕೊಂಡು ಸುಮ್ಮನೆ ಕೂತಿದ್ದರು.

ನಿಮ್ಮ ಕತೆಗಳು ಹಣ್ಣಾಗುವುದು ನಮಗೆ ಕಾಣುತ್ತದೆ. ನಿಮಗೂ ಕಾಣುತ್ತದೆ ಎಂದು ನನ್ನ ಅನುಮಾನ. ‘ಪುಟ್ಟಕ್ಕನ ಮಕ್ಕಳು’ 2021ರ ಡಿಸೆಂಬರಿನಲ್ಲಿ ಶುರುವಾದಾಗ, ಗಂಡ ಬಿಟ್ಟ ಹೆಂಗಸು ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವುದನ್ನು ಉಮಾಶ್ರೀಯವರು ಆಡುತ್ತಿದ್ದರೆ, ಅವ್ವ ಊಟದ ತಟ್ಟೆ ಹಿಡಿದವಳು ತುತ್ತೆತ್ತುವುದನ್ನೇ ಮರೆಯುತ್ತಿದ್ದಳು. ‘ಅಣ್ಣಯ್ಯ’ 2024ರಲ್ಲಿ ಬಂದಾಗ ದಿನಸಿ ಅಂಗಡಿಯವನೊಬ್ಬ ನಾಯಕನಾದನಲ್ಲ ಎಂದು ಅಂಗಡಿಯವನಾದ ನನಗೇ ಖುಷಿಯಾಯಿತು. ಅಲ್ಲೂ ನಾಲ್ವರು ಅಕ್ಕತಂಗಿಯರ ಬದುಕೇ ಕತೆ, ‘ಅಸುರ’ದ ಹಾಗೆ. ಏಳು ಕಂತಿನಲ್ಲಿ ಆ ಜಪಾನಿ ನಾಲ್ವರು ನನಗೆ ನೆಂಟರ ಹಾಗೆ ಆದರು. ನಮ್ಮವರನ್ನು ನೂರಾರು ದಿನ ನೋಡಿದೆ, ಯಾವ ದಿನ ಯಾರು ಒಳ್ಳೆಯವರಾಗಿರುತ್ತಾರೆ ಎಂಬುದೇ ನೆನಪಿಗೆ ನಿಲ್ಲಲಿಲ್ಲ. ಈಗ ಮತ್ತೆ ಹೊಸ ಧಾರಾವಾಹಿಗಳ ಪ್ರೋಮೋ ಓಡುತ್ತಿವೆ. ಮೊದಲ ವಾರದ ಕಂತುಗಳನ್ನು ಈ ಸಲ ನಾನು ಜಪಾನಿನವರ ಹಾಗೆ ಶ್ರದ್ಧೆಯಿಂದ ನೋಡುತ್ತೇನೆ. ಮೊದಲ ವಾರ ನಿಮ್ಮದು ಯಾವಾಗಲೂ ಚೆನ್ನಾಗಿರುತ್ತದೆ, ಇದು ಬಾಯಿಮಾತಿನ ಹೊಗಳಿಕೆಯಲ್ಲ. ಹುಡುಗಿಗೆ ಒಂದು ಕೆಲಸ, ಒಂದು ಛಲ, ಒಂದು ಊರು ಇರುತ್ತದೆ. ಆರು ತಿಂಗಳಿಗೆ ಕೆಲಸ ಹೋಗುತ್ತದೆ, ವರ್ಷಕ್ಕೆ ಊರು ಹೋಗುತ್ತದೆ, ಉಳಿಯುವುದು ಒಂದು ಹಜಾರ, ಒಂದು ಮೆಟ್ಟಿಲು, ಮೆಟ್ಟಿಲ ಮೇಲಿಂದ ಕದ್ದು ಕೇಳುವ ಒಬ್ಬಳು.

ಯಾಕೆ ಹೀಗಾಗುತ್ತದೆ ಎಂದು ನಮಗೂ ತಿಳಿಯದ್ದೇನಲ್ಲ. ವಾರಕ್ಕೆ ಐದಾರು ದಿನ ಕಂತು ಹೋಗಬೇಕು. ಗುರುವಾರ ಬಾರ್ಕ್‌ನವರ ಟಿಆರ್‌ಪಿ ಬರುತ್ತದೆ, ಅಂಕಿ ಇಳಿದರೆ ಶುಕ್ರವಾರ ಕತೆ ತಿರುಗಬೇಕು. ಮೂಲ ಕತೆಯೇ ಎಷ್ಟೋ ಸಲ ನಿಮ್ಮದಲ್ಲ. ‘ಅಣ್ಣಯ್ಯ’ ತಮಿಳಿನದ್ದು, ‘ಪುಟ್ಟಕ್ಕ’ ತೆಲುಗಿನದ್ದು, ‘ಜೊತೆ ಜೊತೆಯಲಿ’ ಮರಾಠಿಯದ್ದು. ಬೇರೆಯವರ ಮನೆಯ ಬಟ್ಟೆಗೆ ನಮ್ಮ ಮೈ ಅಳತೆಯ ಹೊಲಿಗೆ ಹಾಕುವುದು ಸುಲಭವಲ್ಲ, ಅದರಲ್ಲೂ ನೀವು ನಗುವ ಮಾತು ಬರೆಯುತ್ತೀರಲ್ಲ, ಅದಕ್ಕೆ ನನ್ನ ನಮಸ್ಕಾರ.

ಆದರೂ ಒಂದು ಲೆಕ್ಕ ಹೇಳುತ್ತೇನೆ. ಜಪಾನಿನಲ್ಲಿ 2013ರಲ್ಲಿ ‘ಹಂಜಾವಾ ನಾವೊಕಿ’ ಎಂಬ ಬ್ಯಾಂಕ್ ನೌಕರನ ಕತೆ ಬಂತು. ಸಾಲ, ಲೆಕ್ಕಪತ್ರ, ಮೇಲಧಿಕಾರಿಯ ಮೋಸ, ಅದಕ್ಕೆ ಇವನ ಸೇಡು. ಕೊನೆಯ ಕಂತಿಗೆ ಟೋಕಿಯೋ ಸೀಮೆಯಲ್ಲಿ ನೂರಕ್ಕೆ 42 ಮನೆಯವರು ಅದನ್ನೇ ಹಾಕಿಕೊಂಡು ಕೂತಿದ್ದರು. ಹತ್ತನೆಯ ಕಂತಿಗೆ ಮುಗಿಸಿದರು! ಮುಂದಿನ ಭಾಗ ಬಂದದ್ದು ಏಳು ವರ್ಷದ ಮೇಲೆ, 2020ರಲ್ಲಿ. ನಮ್ಮಲ್ಲಾಗಿದ್ದರೆ ಹನ್ನೊಂದನೆಯ ಕಂತಿಗೆ ಅವನ ಅವಳಿ ತಮ್ಮ ಬರುತ್ತಿದ್ದ. ಇಪ್ಪತ್ತನೆಯ ಕಂತಿಗೆ ಬ್ಯಾಂಕಿನಲ್ಲೇ ಯಾರಿಗೋ ಸೀಮಂತ.

ಅಲ್ಲಿ ಉದ್ದದ ಕತೆ ಇಲ್ಲವೆಂದಲ್ಲ. ಎನ್‌ಎಚ್‌ಕೆಯಲ್ಲಿ ಬೆಳಗಿನ ಧಾರಾವಾಹಿ 1961ರಿಂದ ನಡೆಯುತ್ತಿದೆ, ಈಗ ಎಂಟಕ್ಕೆ ಹದಿನೈದು ನಿಮಿಷ, ಕತೆಗೆ ಆರು ತಿಂಗಳು. 1983ರಲ್ಲಿ ಶುರುವಾದ ‘ಒಶಿನ್’ ಒಂದು ವರ್ಷ ನಡೆದು 297 ಕಂತಾಯಿತು. ಒಂದು ಮೂಟೆ ಅಕ್ಕಿಗೆ ಜೀತಕ್ಕೆ ಹೋದ ಬಡವರ ಮನೆ ಹುಡುಗಿ ಮುದುಕಿಯಾಗುವವರೆಗಿನ ಕತೆ. ಅದನ್ನು ಬರೆದ ಹಶಿದಾ ಸುಗಾಕೊ ಇನ್ನೊಂದು ಸಂಸಾರದ ಕತೆಯನ್ನು 1990ರಿಂದ 2011ರವರೆಗೆ ನಡುನಡುವೆ ನಿಲ್ಲಿಸಿ ನಿಲ್ಲಿಸಿ ಬರೆದರು. ಉದ್ದ ತಪ್ಪಲ್ಲ. 297 ಅಂದರೆ 297, ಮುನ್ನೂರಾಗಲಿಲ್ಲ. ನಾನು ಹೇಳುತ್ತಿರುವುದು ಅಷ್ಟೇ. ಹಾಗೆ ನೋಡಿದರೆ ನಮಗೇ ಅದು ಗೊತ್ತಿದ್ದ ಕಾಲವಿತ್ತು. ದೂರದರ್ಶನದಲ್ಲಿ ಹದಿಮೂರು ಕಂತು ಎಂದು ಒಪ್ಪಿಗೆ ಕೊಟ್ಟರೆ ಹದಿಮೂರರಲ್ಲಿ ಮುಗಿಸಬೇಕಿತ್ತು. ಶಂಕರ್‌ನಾಗ್ ಆಗುಂಬೆಯ ಬೀದಿಯಲ್ಲಿ ‘ಮಾಲ್ಗುಡಿ’ ಕಟ್ಟಿದ್ದು ಅದೇ ಕಾಲದಲ್ಲಿ. ಆಮೇಲೆ ಖಾಸಗಿ ವಾಹಿನಿ ಬಂದ ಮೇಲೂ ಗಿರೀಶ ಕಾಸರವಳ್ಳಿಯವರು ‘ಗೃಹಭಂಗ’ ಮಾಡಿದರು, ವೈಶಾಲಿ ಕಾಸರವಳ್ಳಿಯವರು ‘ಮೂಡಲ ಮನೆ’ ಮಾಡಿದರು. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ಬರುತ್ತಿದ್ದಾಗ ನಮ್ಮ ಬೀದಿಯಲ್ಲಿ ಯಾರೂ ‘ಯಾವ ಸೀರಿಯಲ್ಲು’ ಎಂದು ಕೇಳುತ್ತಿರಲಿಲ್ಲ, ‘ಸೀತಾರಾಂದು ನೋಡಿದ್ರಾ’ ಎಂದು ಕೇಳುತ್ತಿದ್ದರು. ಬರೆದವರ ಹೆಸರಿನಲ್ಲಿ ಧಾರಾವಾಹಿ ನೋಡುವುದು ಜಪಾನಿನಲ್ಲಿ ಇವತ್ತಿಗೂ ಮಾಮೂಲು. ಕೊನೆ ನಿಮ್ಮ ಕೈಗೆ ಬಂದ ದಿನ ನಿಮ್ಮ ಹೆಸರೂ ನಮ್ಮ ಬಾಯಿಗೆ ಬರುತ್ತದೆ, ಎರಡೂ ಒಂದರ ಹಿಂದೆ ಒಂದು ಬರುವಂಥವು.

ಅಷ್ಟಾಗಿ ನಾನು ಎಲ್ಲ ಬಲ್ಲವನೇನಲ್ಲ. ‘ಅಸುರ’ ಮುಗಿದ ರಾತ್ರಿ ಅವ್ವ ‘ಮುಗ್ದೇ ಹೋಯ್ತಾ’ ಎಂದು ಎರಡು ಸಲ ಕೇಳಿ, ರಿಮೋಟ್ ತಗೊಂಡು ತನ್ನ ಸೀರಿಯಲ್ಲಿಗೆ ಹೋದಳು. ಅವಳ ಜೊತೆಯವರು ಒಬ್ಬೊಬ್ಬರಾಗಿ ಹೋಗಿಯಾಗಿದೆ. ಮಾತಾಡಿಸುವವರು ನಾಳೆಯೂ ಬರುತ್ತಾರೆ ಎಂಬ ಭರವಸೆ ಅವಳಿಗೆ ಸಣ್ಣದಲ್ಲ. ಒಂದು ಧಾರಾವಾಹಿ ನಿಂತರೆ ಲೈಟ್ ಹಿಡಿಯುವವನಿಂದ ಹಿಡಿದು ಊಟ ಬಡಿಸುವವನವರೆಗೆ ಎಷ್ಟು ಮನೆಯ ಒಲೆ ಆರುತ್ತದೆ ಎಂಬುದೂ ಎಕ್ಸ್‌ಪ್ರೆಸ್‌ವೇ ಬಂದು ಅಂಗಡಿ ಖಾಲಿಯಾದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹುಳು ಸಾಕುವವನ ಮನೆಯೂ ನಡೆಯುತ್ತದೆ. ಒಂದು ಬೆಳೆ ಚಂದ್ರಿಕೆಗೆ ಬಿಟ್ಟ ವಾರವೇ ಮನೆ ತೊಳೆದು, ಸುಣ್ಣ ಹೊಡೆದು, ಮುಂದಿನ ಮೊಟ್ಟೆಗೆ ಹೇಳಿ ಬರುತ್ತಾನೆ. ಅದೇ ಜನ, ಅದೇ ತಟ್ಟೆ, ಹೊಸ ಹುಳು.

ಇನ್ನು ಪತ್ರ ಬರೆಯಲು ಕೂತ ಅಸಲು ಕಾರಣಕ್ಕೆ ಬರುತ್ತೇನೆ. ಲಾಕ್‌ಡೌನಿನ ಸುಮಾರಿಗೆ ಮಧ್ಯಾಹ್ನದ ಹೊತ್ತು ಒಂದು ಧಾರಾವಾಹಿ ಬರುತ್ತಿತ್ತು. ವಾಹಿನಿಯ ಹೆಸರು ಬೇಡ. ಅದರಲ್ಲಿ ಒಂದು ಹೆಣ್ಣುಮಗು, ನಾಲ್ಕೈದು ವರ್ಷದ್ದು, ಜಾತ್ರೆಯ ಗದ್ದಲದಲ್ಲಿ ತಾಯಿಯ ಕೈ ಬಿಟ್ಟುಹೋಯಿತು. ಕೈಯಲ್ಲಿ ನಮ್ಮ ಊರಿನದೇ ಇರಬೇಕು, ಹಳದಿ ಕೆಂಪು ಬಣ್ಣದ ಒಂದು ಗಿಲಕಿ ಇತ್ತು. ಒಂದು ವಾರ ತಾಯಿ ಹುಡುಕಿದಳು. ಸೋಮವಾರ ಆ ಹೊತ್ತಿಗೆ ಬೇರೆ ಧಾರಾವಾಹಿ ಬಂತು. ಮುಗಿಯಿತು ಎಂದು ಒಂದು ಮಾತೂ ಇಲ್ಲ. ಅವ್ವ ಆಗಿನಿಂದ ಕೇಳುತ್ತಿದ್ದಾಳೆ. ಈಚೆಗೆ ಅವಳಿಗೆ ಮರೆವು. ಬೆಳಿಗ್ಗೆ ತಿಂದದ್ದು ಮರೆಯುತ್ತಾಳೆ, ನನ್ನನ್ನು ತಮ್ಮನ ಹೆಸರಿನಲ್ಲಿ ಕರೆಯುತ್ತಾಳೆ, ಇದನ್ನು ಮಾತ್ರ ಬಿಟ್ಟಿಲ್ಲ. ‘ಆ ಮಗಾ ಸಿಕ್ತೇನ್ಲಾ?’

ಅದನ್ನು ಬರೆದವರು ನಿಮ್ಮಲ್ಲೇ ಒಬ್ಬರು ಇದ್ದೀರಿ. ಮಗು ಸಿಕ್ಕಿತು ಎಂದು ನಾನೇ ಹೇಳಿಬಿಡಬಹುದಿತ್ತು, ಒಂದೆರಡು ಸಲ ಹೇಳಿಯೂ ನೋಡಿದೆ. ‘ನಿಂಗೆಂಗ್ ಗೊತ್ತು, ನೀನೇನ್ ಬರ್ದೋನಾ’ ಅನ್ನುತ್ತಾಳೆ. ನೀವು ಏನೆಂದುಕೊಂಡಿದ್ದಿರೋ ಅದನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಿ. ಈ ಪತ್ರಿಕೆಯವರ ಹತ್ತಿರ ನನ್ನ ವಿಳಾಸವಿದೆ. ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆಯಿರಿ, ಅವಳೇ ಓದಿಕೊಳ್ಳುತ್ತಾಳೆ.

ಇಂತಿ,
ಹಳೇ ರಸ್ತೆಯ ಬೊಂಬೆ ಅಂಗಡಿಯವನು,
ಚನ್ನಪಟ್ಟಣ